‘ಯಾರಿಗೂ ಹೇಳಬೇಡಿ ಮಿಸ್’ ಅಂದ ಮೇಲೆ ಯಾರಿಗೆ, ಎಷ್ಟು ಹೇಳಬೇಕು?

ಪ್ರಶ್ನೆ: ನಾನು ತಾಲ್ಲೂಕು ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆಪ್ತ ಸಮಾಲೋಚಕಿ. ಜೊತೆಗೆ ಎಂಟು, ಒಂಬತ್ತನೇ ತರಗತಿಗೆ ಜೀವಶಾಸ್ತ್ರದ ಪಾಠವನ್ನೂ ಮಾಡುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಸ್ವೆಟರಿನ ತೋಳು ಮೇಲೆ ಮಾಡಿ ತೋರಿಸಿದಳು. ತಾನೇ ಮಾಡಿಕೊಂಡ ಗಾಯಗಳು. ಅಪ್ಪನಿಗೆ ಗೊತ್ತಾದರೆ ಶಾಲೆ ಬಿಡಿಸುತ್ತಾರೆ ಎಂದು ಅಳುತ್ತಾಳೆ. ಇನ್ನೊಂದು ಕಡೆ, ಯಾರು ಬಂದಿದ್ದರು, ಏನು ಹೇಳಿದರು ಎಂಬ ಪಟ್ಟಿಯನ್ನು ಪ್ರಿನ್ಸಿಪಾಲರು ಪ್ರತಿ ಶನಿವಾರ ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಕ್ಲಾಸ್ ಟೀಚರ್ ಬೇರೆ ಕೆದಕುತ್ತಾರೆ. ಹುಡುಗಿ ತನ್ನ ಡೈರಿಯನ್ನೂ ನನ್ನ ಹತ್ತಿರವೇ ಬಿಟ್ಟುಹೋಗಿದ್ದಾಳೆ. ನಾನು ಯಾರಿಗೆ ಎಷ್ಟು ಹೇಳಬೇಕು?

ಉತ್ತರ: ಮೇಡಂ, ಮೊದಲು ಆ ಹುಡುಗಿಯ ವಿಷಯ ಮಾತಾಡೋಣ. ಪ್ರಿನ್ಸಿಪಾಲರ ಪಟ್ಟಿ ಕಾಯಬಹುದು, ಅವಳನ್ನು ಕಾಯಿಸುವ ಹಾಗಿಲ್ಲ.

ನೀವು ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಇದು ಗೊತ್ತಾಗಲೇಬೇಕು. ಆದರೆ ಅವಳಿಗೆ ತಿಳಿಸಿ ಹೇಳುವುದು ಬೇರೆ, ಬೆನ್ನ ಹಿಂದೆ ಹೇಳುವುದು ಬೇರೆ. ಮಕ್ಕಳು ಮೊದಲನೆಯದಕ್ಕೆ ಕೋಪ ಮಾಡಿಕೊಳ್ಳುತ್ತಾರೆ, ಎರಡು ದಿನ ಮುಖ ತಿರುಗಿಸುತ್ತಾರೆ, ಆಮೇಲೆ ವಾಪಸ್ ಬರುತ್ತಾರೆ. ಎರಡನೆಯದು ಆದರೆ ಅವಳು ನಿಮ್ಮ ಹತ್ತಿರ ಮಾತ್ರವಲ್ಲ, ಬೇರೆ ಯಾವ ದೊಡ್ಡವರ ಹತ್ತಿರವೂ ಬಾಯಿ ಬಿಡದೆ ಹೋಗಬಹುದು.

ಹಾಗಾಗಿ ನಾಳೆ ಅವಳನ್ನು ಕೂರಿಸಿಕೊಳ್ಳಿ. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಸುತ್ತಿ ಬಳಸಿ ಬೇಡ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಸುಮಾರು ಜನ ಶಿಕ್ಷಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದು ಎಷ್ಟೋ ಮಕ್ಕಳಿಗೆ ನಿರಾಳವಾಗುತ್ತದೆ. ಕೈಗೆ ಗಾಯ ಮಾಡಿಕೊಳ್ಳುವ ಮಕ್ಕಳೆಲ್ಲ ಸಾಯಲು ಹೊರಟವರಲ್ಲ. ಒಳಗಿನ ಒತ್ತಡ ತಡೆಯಲಾಗದೆ ಹೀಗೆ ಮಾಡಿಕೊಳ್ಳುವವರೇ ಜಾಸ್ತಿ. ಆದರೂ ಹೀಗೆ ಮಾಡಿಕೊಳ್ಳುವ ಮಗುವಿಗೆ ಮುಂದೆ ಜೀವದ ಅಪಾಯ ಉಳಿದವರಿಗಿಂತ ಹೆಚ್ಚು. ಅದಕ್ಕೇ ಇದನ್ನು ನೀವೊಬ್ಬರೇ ಇಟ್ಟುಕೊಳ್ಳುವ ಹಾಗಿಲ್ಲ.

ಅವಳು ಹೌದು ಅಂದರೆ, ಅಥವಾ ಹೇಗೆ, ಯಾವಾಗ ಎಂಬುದನ್ನೂ ಯೋಚಿಸಿದ್ದರೆ, ಆ ದಿನವೇ ಮನೆಯವರು ಬಂದು ಕರೆದುಕೊಂಡು ಹೋಗುವ ತನಕ ಅವಳನ್ನು ಒಂಟಿಯಾಗಿ ಬಿಡಬೇಡಿ. ಟಾಯ್ಲೆಟ್‌ಗೆ ಹೋದರೂ ಒಬ್ಬರು ಬಾಗಿಲ ಹೊರಗೆ ಇರಲಿ. ಅಲ್ಲಿಂದ ನೇರ ಆಸ್ಪತ್ರೆಗೆ. ಆಗ ಪ್ರಿನ್ಸಿಪಾಲರಿಗೂ ತಕ್ಷಣ ಗೊತ್ತಾಗಬೇಕು. ಇಂಥ ಹೊತ್ತಿನಲ್ಲಿ ಗುಟ್ಟಿನ ಪ್ರಶ್ನೆಯೇ ಏಳುವುದಿಲ್ಲ.

ಅಷ್ಟು ತುರ್ತು ಇಲ್ಲ ಎಂದು ಗೊತ್ತಾದರೆ ನಿಮಗೆ ಒಂದೆರಡು ದಿನದ ಅವಕಾಶ ಸಿಗುತ್ತದೆ. ಅವಳ ಮುಂದೆ ಹೀಗೆ ಹೇಳಬಹುದು: ‘ಮೊನ್ನೆ ಯಾರಿಗೂ ಹೇಳಲ್ಲ ಅಂದಿದ್ದೆ. ನಿನ್ನ ಜೀವಕ್ಕೆ ತೊಂದರೆ ಆಗಬಹುದಾದ ವಿಷಯವನ್ನು ನಾನೊಬ್ಬಳೇ ಇಟ್ಟುಕೊಳ್ಳೋಕೆ ಆಗಲ್ಲ ಪುಟ್ಟ. ಅದನ್ನು ಮೊದಲೇ ಹೇಳಬೇಕಿತ್ತು. ಈಗ ಮನೆಯಲ್ಲಿ ಯಾರಿಗೆ ಹೇಳೋಣ, ಹೇಗೆ ಹೇಳೋಣ ಅನ್ನೋದನ್ನು ನಾವಿಬ್ಬರೂ ಸೇರಿ ಯೋಚನೆ ಮಾಡೋಣ.’ ಹೇಳಬೇಕೋ ಬೇಡವೋ ಎಂಬುದು ಅವಳ ಕೈಯಲ್ಲಿಲ್ಲ. ಯಾರಿಗೆ, ಯಾವ ಮಾತಿನಲ್ಲಿ, ತಾನು ಎದುರಿಗೆ ಇರಬೇಕೋ ಬೇಡವೋ ಎಂಬುದೆಲ್ಲ ಅವಳ ಕೈಯಲ್ಲೇ ಇರಲಿ. ಅಪ್ಪನಿಗಿಂತ ಮೊದಲು ಅಮ್ಮ ಇರಬಹುದು. ನಮ್ಮ ಮನೆಗಳಲ್ಲಿ ಎಷ್ಟೋ ಸಲ ಅಜ್ಜಿಯೋ ಚಿಕ್ಕಮ್ಮನೋ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಅಮ್ಮ ಬರುವಾಗ ಅವರೂ ಜೊತೆಗೆ ಬರಲಿ.

ಅಮ್ಮನಿಗೆ ಏನು ಹೇಳಬೇಕು? ಗಾಯ ಮಾಡಿಕೊಂಡಿದ್ದಾಳೆ, ತುಂಬಾ ನೋವಿನಲ್ಲಿದ್ದಾಳೆ, ಡಾಕ್ಟರಿಗೆ ತೋರಿಸಬೇಕು, ಮನೆಯಲ್ಲಿ ಇಂತಿಂಥ ಎಚ್ಚರ ಬೇಕು. ಇಷ್ಟು ಸಾಕು. ಅವಳು ಅಪ್ಪನ ಬಗ್ಗೆ ಏನಂದಳು, ಯಾವ ಗೆಳತಿ ಮಾತು ಬಿಟ್ಟಳು, ಡೈರಿಯಲ್ಲಿ ಯಾವ ಹುಡುಗನ ಹೆಸರಿದೆ, ಇವು ಯಾವುದೂ ಅಮ್ಮನಿಗೆ ಈಗ ಬೇಡ. ಮನೆಯ ಎಚ್ಚರ ಅಂದರೆ ಹೊಲಕ್ಕೆ ತಂದಿಟ್ಟ ಔಷಧಿ, ಅಜ್ಜನ ಬಿಪಿ, ಶುಗರ್ ಮಾತ್ರೆಗಳು ಬೀಗದೊಳಗೆ ಹೋಗಬೇಕು. ಕೃಷಿ ಮಾಡುವ ಮನೆಯಾದರೆ ಇದನ್ನು ಮರೆಯದೆ ಹೇಳಿ. ಕ್ರಿಮಿನಾಶಕದ ಡಬ್ಬಿ ಸುಲಭವಾಗಿ ಕೈಗೆ ಸಿಗದ ಹಾಗೆ ಮಾಡುವುದರಿಂದಲೇ ಜೀವ ಉಳಿಯುತ್ತದೆ. ‘ಬೈಯಬೇಡಿ, ದೇವರ ಮೇಲೆ ಆಣೆ ಹಾಕಿಸಬೇಡಿ, ದಿನಾ ತೋಳು ಎತ್ತಿಸಿ ನೋಡಬೇಡಿ’ ಎಂಬುದನ್ನೂ ಸೇರಿಸಿ.

ಪೋಷಕರ ದೊಡ್ಡ ಭಯ ಇನ್ನೊಂದಿದೆ, ‘ಕೇಸ್ ಆಗುತ್ತಾ?’ ಎಂಬುದು. ಗಾಯ ಮಾಡಿಕೊಂಡ ಮಗು ಅಪರಾಧಿಯಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 23ನೇ ಕಲಂ ಪ್ರಕಾರ ಆಸ್ಪತ್ರೆಯಲ್ಲಿ ಹೇಳಿದ್ದೂ ಗೌಪ್ಯವಾಗಿರಬೇಕು. ಊರಿನಲ್ಲಿ ಮನೋವೈದ್ಯರು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಅಲ್ಲಿಗೆ ಹೋಗುವ ತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಅಮ್ಮನ ಫೋನಿನಲ್ಲಿ ನಿಮ್ಮ ಎದುರಿಗೇ ಸೇವ್ ಮಾಡಿಸಿ.

ಇಲ್ಲೊಂದು ದೊಡ್ಡ ‘ಆದರೆ’ ಇದೆ. ಅವಳಿಗೆ ಅಪ್ಪನ ಭಯ ಅಂದಿರಿ. ಅದು ಯಾವ ಭಯ ಎಂದು ಕೇಳಿ ತಿಳಿದುಕೊಂಡಿರಾ? ‘ಬೈತಾರೆ’ ಎಂಬ ಭಯ ಬೇರೆ, ‘ಬೆಲ್ಟಿನಲ್ಲಿ ಹೊಡೀತಾರೆ’ ಎಂಬುದು ಬೇರೆ, ‘ರಾತ್ರಿ ನನ್ನ ರೂಮಿಗೆ ಬರ್ತಾರೆ’ ಎಂಬುದು ಪೂರ್ತಿ ಬೇರೆ. ಮನೆಯೇ ಅಪಾಯದ ಜಾಗವಾಗಿದ್ದರೆ ಪೋಷಕರಿಗೆ ಮೊದಲು ಹೇಳುವುದು ಅವಳನ್ನು ಇನ್ನಷ್ಟು ಸಿಕ್ಕಿಸುತ್ತದೆ. ತನ್ನ ವಶದಲ್ಲಿರುವ ಮಗುವಿಗೆ ಕ್ರೌರ್ಯ ತೋರುವುದು ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಅಡಿ ಅಪರಾಧ. ಆಗ ದಾರಿ 1098, ಮಕ್ಕಳ ಸಹಾಯವಾಣಿ. ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ.

ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ನಿಮಗೆ ಆಯ್ಕೆಯೇ ಇಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಶಿಕ್ಷಕರು, ಸಮಾಲೋಚಕರು ಎಂದು ಬೇರೆ ಮಾಡುವುದಿಲ್ಲ. ಅಪರಾಧ ಆಗಿದೆ ಎಂದು ಗೊತ್ತಾದ, ಆಗಬಹುದು ಎಂಬ ಆತಂಕ ಹುಟ್ಟಿದ ಯಾರೇ ಆಗಲಿ ಪೊಲೀಸರಿಗೋ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೋ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಹೇಳಿತು. ಅದು ಹಾಸ್ಟೆಲ್ ಹುಡುಗಿಯರ ಪ್ರಕರಣ.

ಇಲ್ಲಿ ಶಾಲೆಗಳು ಎಡವುವ ಜಾಗ ಒಂದೇ. ‘ಮೊದಲು ನಾವು ಒಳಗೊಳಗೇ ವಿಚಾರಿಸೋಣ’ ಅನ್ನುತ್ತಾರೆ. ಪ್ರಿನ್ಸಿಪಾಲರು ಒಮ್ಮೆ, ಆಡಳಿತ ಮಂಡಳಿಯವರು ಒಮ್ಮೆ ಮಗುವಿನಿಂದ ಅದೇ ಕತೆ ಹೇಳಿಸುತ್ತಾರೆ. ಆರೋಪ ಇರುವವರನ್ನು ಕರೆದು ಎದುರಾಬದುರು ಕೂರಿಸುತ್ತಾರೆ. ಇದು ತಪ್ಪು, ಮಗುವಿಗೆ ಇನ್ನೊಂದು ಏಟು. ನಿಜವೋ ಸುಳ್ಳೋ ಎಂದು ನೋಡುವುದು ನಿಮ್ಮ ಕೆಲಸವಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್, ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದು ಅದೇ 19ನೇ ಕಲಂ ಹೇಳುತ್ತದೆ. ಮತ್ತೆ, ಪ್ರಿನ್ಸಿಪಾಲರಿಗೆ ಹೇಳಿಬಿಟ್ಟೆ, ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಳ್ಳಬೇಡಿ. ಪೊಲೀಸರಿಗೆ ಮಾಹಿತಿ ತಲುಪಿದೆಯೇ ಎಂದು ಖಚಿತ ಮಾಡಿಕೊಳ್ಳಿ.

ದೂರು ಕೊಡುವ ಮೊದಲು ಮಗುವಿಗೆ ಮುಂದೇನಾಗುತ್ತದೆ ಎಂದು ಹೇಳಿ. ಮಕ್ಕಳು ಸಿನಿಮಾದ ಪೊಲೀಸ್ ಸ್ಟೇಷನ್ ನೆನಪಿಸಿಕೊಂಡು ನಡುಗುತ್ತಾರೆ. ಕಾಯ್ದೆಯಲ್ಲಿರುವುದು ಬೇರೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಮಗು ಇಷ್ಟಪಟ್ಟ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಸಮವಸ್ತ್ರ ಹಾಕಿರಬಾರದು. ಅಪ್ಪ ಅಮ್ಮ ಅಥವಾ ಮಗು ನಂಬುವ ಬೇರೆ ಯಾರಾದರೂ ಜೊತೆಗಿರಬಹುದು. ಅದು ನೀವೂ ಆಗಿರಬಹುದು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮಗುವಿನ ಹೆಸರು, ಫೋಟೊ, ಶಾಲೆಯ ಹೆಸರು ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು.

ನೀವು ಕೇಳಿಲ್ಲ, ಆದರೆ ನಾಳೆಯೋ ನಾಡಿದ್ದೋ ನಿಮ್ಮ ಬಾಗಿಲಿಗೆ ಬರುವ ವಿಷಯ ಪ್ರೀತಿ ಪ್ರೇಮದ್ದು. ಕಾನೂನಿನ ಲೆಕ್ಕದಲ್ಲಿ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹಾಗಾಗಿ ಹದಿನೇಳರ ಹುಡುಗಿ ತನ್ನ ಗೆಳೆಯನ ಜೊತೆ ಒಪ್ಪಿಯೇ ದೈಹಿಕ ಸಂಬಂಧ ಇತ್ತು ಅಂದರೂ ಅದು ಪೋಕ್ಸೊ ಅಡಿ ಬರುತ್ತದೆ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಅಂದಿತು. ಗರ್ಭಪಾತಕ್ಕೆ ಬರುವ ಅಪ್ರಾಪ್ತ ಹುಡುಗಿ ಕೇಳಿಕೊಂಡರೆ ಅವಳ ಗುರುತನ್ನು ಪೊಲೀಸರಿಗೆ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ವೈದ್ಯರಿಗೆ ಮಾತ್ರ. ನಿಮಗೆ, ನನಗೆ ಆ ರಿಯಾಯಿತಿ ಇಲ್ಲ. ಈ ಕಾನೂನು ಇಬ್ಬರು ಹದಿಹರೆಯದವರ ಮೇಲೆ ಜಾಸ್ತಿ ಭಾರ ಹಾಕುತ್ತದೆ ಎಂದೇ ನನಗನ್ನಿಸುತ್ತದೆ. ಹಾಗೆಂದು ಮುಚ್ಚಿಡಿ ಎಂದು ಹೇಳಲಾರೆ. ಹೇಳಬಹುದಾದ್ದು ಇಷ್ಟೆ: ಪತ್ರ, ಮೆಸೇಜು, ಇಷ್ಟ ಅನ್ನಿಸುವುದು, ಮನಸ್ಸು ಒಡೆಯುವುದು ಇವು ಅಪರಾಧವಲ್ಲ. ಅದನ್ನೆಲ್ಲ ಪ್ರಿನ್ಸಿಪಾಲರಿಗೋ ಮನೆಗೋ ಒಯ್ಯಬೇಕಾದ ಅಗತ್ಯವೂ ಇಲ್ಲ. ಯಾವುದು ನನ್ನ ಕಿವಿಗೆ ಬಿದ್ದರೆ ನಾನು ಸುಮ್ಮನಿರಲಾರೆ ಎಂಬುದನ್ನು ಮಕ್ಕಳು ಹೇಳುವ ಮೊದಲೇ ತಿಳಿಸಿಬಿಡಿ.

ಅದಕ್ಕೇ ಮೊದಲ ಐದು ನಿಮಿಷ ಬಹಳ ಮುಖ್ಯ. ‘ಪ್ರಾಮಿಸ್ ಮಾಡಿ ಮಿಸ್’ ಅನ್ನುವ ತನಕ ಕಾಯಬಾರದು. ಮಗು ಕೂತ ಕೂಡಲೇ ಹೇಳಬೇಕು: ‘ನೀನು ಇಲ್ಲಿ ಹೇಳಿದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಮಾತಾಡಲ್ಲ, ಮನೆಗೆ ಫೋನ್ ಮಾಡಲ್ಲ. ಮೂರು ವಿಷಯ ಬಿಟ್ಟು. ನಿನ್ನ ಜೀವಕ್ಕೆ ಅಪಾಯ ಇದ್ದರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ದರೆ, ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ. ಆಗಲೂ ಮೊದಲು ನಿನಗೆ ಹೇಳಿಯೇ ಮುಂದೆ ಹೋಗೋದು.’ ಇದನ್ನೇ ಜೂನ್‌ನಲ್ಲಿ ಎಲ್ಲ ತರಗತಿಗಳಲ್ಲಿ ಒಮ್ಮೆ ಹೇಳಿ, ಪೋಷಕರ ಸಭೆಯಲ್ಲೂ ಹೇಳಿ. ಹೀಗೆ ಹೇಳಿದರೆ ಮಕ್ಕಳು ಬರುವುದೇ ಇಲ್ಲ ಎಂದು ತರಬೇತಿಗೆ ಬರುವವರು ನನ್ನ ಜೊತೆ ವಾದ ಮಾಡುತ್ತಾರೆ. ಕೆಲವರು ಬರದೇ ಇರಬಹುದು, ನಿಜ. ಬಂದವರು ಮಾತ್ರ ನಿಮ್ಮ ಮಾತಿಗೆ ಎಷ್ಟು ಬೆಲೆ ಎಂದು ತಿಳಿದೇ ಬರುತ್ತಾರೆ.

ಈಗ ಪ್ರಿನ್ಸಿಪಾಲರ ಪಟ್ಟಿ. ಅವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ನಾಳೆ ಏನಾದರೂ ಆದರೆ ಟಿವಿಯವರು ಗೇಟಿನ ಮುಂದೆ ನಿಂತು ‘ನಿಮಗೆ ಗೊತ್ತಿರಲಿಲ್ವಾ?’ ಎಂದು ಕೇಳುವುದು ಅವರನ್ನೇ. ಶಾಲೆಗೆ ಮಗುವಿನ ಯೋಗಕ್ಷೇಮದ ಹೊಣೆ ಇದೆ, ಅದನ್ನು ಅವರು ಹೊತ್ತಿದ್ದಾರೆ. ಆದರೆ ಹೆಸರು, ಮಾತು ಎಲ್ಲ ಇರುವ ಪಟ್ಟಿ ಆ ಹೊಣೆಗೆ ಉಪಯೋಗಕ್ಕೆ ಬರುವುದಿಲ್ಲ. ನಾನು ಯಾರ ವಿಷಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರಿಗೆ ಗೊತ್ತಾದರೆ ಈ ಮಗುವಿಗಾಗಿ ಇವರು ಮಾಡಬೇಕಾದ ಕೆಲಸ ಏನಾದರೂ ಇದೆಯಾ? ಇದ್ದರೆ ಆ ಕೆಲಸಕ್ಕೆ ಬೇಕಾದಷ್ಟು ಹೇಳುತ್ತೇನೆ. ಅಪ್ಪ ಅಮ್ಮನ ಜಗಳದಿಂದ ಓದಲು ಆಗುತ್ತಿಲ್ಲ ಎಂದು ಅಳುವ ಏಳನೇ ತರಗತಿ ಹುಡುಗನ ವಿಷಯದಲ್ಲಿ ಪ್ರಿನ್ಸಿಪಾಲರು ಮಾಡುವುದು ಏನೂ ಇಲ್ಲ. ಹಾಗಾಗಿ ಅವನ ಹೆಸರು ಹೋಗುವುದಿಲ್ಲ. ಶಾಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ಚಿಕ್ಕವರನ್ನು ದೊಡ್ಡ ಹುಡುಗರು ಹೊಡೆಯುತ್ತಿದ್ದರೆ ಮಾಡಬೇಕಾದ ಕೆಲಸ ಇದೆ. ಆಗ ಬಸ್ಸಿನ ನಂಬರ್, ಸಮಯ, ಏನಾಗುತ್ತಿದೆ ಎಂಬುದು ಹೋಗುತ್ತದೆ. ಇದನ್ನು ನಿಮಗೆ ಹೇಳಿದ ಮಗುವಿನ ಹೆಸರು ಬೇಕೇ ಎಂಬುದನ್ನು ಆಮೇಲೆ ನೋಡಬಹುದು. ನಿಮ್ಮ ಹುಡುಗಿಯ ವಿಷಯದಲ್ಲಿ ಪ್ರಿನ್ಸಿಪಾಲರಿಗೆ ಹೆಸರು, ಅಪಾಯ ಇದೆ ಎಂಬುದು, ನೀವು ಏನು ಮಾಡಿದ್ದೀರಿ ಎಂಬುದು ಗೊತ್ತಿರಬೇಕು. ಕಾರಣಗಳು ಬೇಡ.

ಶನಿವಾರದ ಪಟ್ಟಿಯ ಬದಲು ತಿಂಗಳಿಗೊಂದು ಪುಟ ಕೊಡಿ. ಎಷ್ಟು ಮಕ್ಕಳು ಬಂದರು, ಯಾವ ತರಗತಿಯವರು, ಪರೀಕ್ಷೆಯ ಭಯವೋ, ಮನೆಯ ಜಗಳವೋ, ಗೆಳೆಯರ ಕಾಟವೋ, ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದಿರಿ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಶಾಲೆಯ ಲಿಖಿತ ನಿಯಮ ಮಾಡಿಸಿ. ಅವರು ಒಪ್ಪದಿದ್ದರೆ ಕಾನೂನಿನ ಆಧಾರವೂ ನಿಮ್ಮ ಕಡೆಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಪ್ರಕರಣ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. ಅವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿ ಆಗಿದ್ದವರು. ಬಾಲನ್ಯಾಯ ಕಾಯ್ದೆಯೂ ಮಗುವಿನ ಖಾಸಗಿತನ, ಗೌಪ್ಯತೆಯ ಹಕ್ಕನ್ನು ತನ್ನ ಮೂಲ ತತ್ವಗಳಲ್ಲಿ ಸೇರಿಸಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ಇಟ್ಟುಕೊಳ್ಳಬೇಕು ಎಂದಿತು. ಮಕ್ಕಳು ಬಾಯಿ ಬಿಡಲು ಹೆದರುವ ಕೋಣೆಯಲ್ಲಿ ಒಬ್ಬರನ್ನು ಕೂರಿಸಿದರೆ ಆ ಆದೇಶ ಕಾಗದಕ್ಕೆ ಮಾತ್ರ ಪಾಲನೆಯಾದ ಹಾಗೆ, ಅಲ್ವಾ?

ಕ್ಲಾಸ್ ಟೀಚರಿಗೂ ಅದೇ ಪ್ರಶ್ನೆ. ಅವರಿಗೆ ಮಾಡಲು ಕೆಲಸ ಇದೆ. ‘ಎರಡು ತಿಂಗಳು ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈಯಬೇಡಿ, ಹೊರಗೆ ಹೋಗಬೇಕು ಅಂದರೆ ನನ್ನ ರೂಮಿಗೆ ಕಳಿಸಿ, ಎರಡು ದಿನ ಬರದಿದ್ದರೆ ನನಗೆ ಹೇಳಿ.’ ಇಷ್ಟೇ. ‘ಯಾಕೆ?’ ಎಂದು ಕೇಳಿದರೆ ‘ಅದನ್ನು ನಾನು ನೋಡಿಕೊಳ್ಳುತ್ತಿದ್ದೇನೆ’ ಅಂದರೆ ಸಾಕು. ಪಿಟಿ ಮಾಸ್ಟರಿಗೆ ಒಂದು ಮಾತು ಹೇಳುವುದು ಮರೆಯಬೇಡಿ. ಬಿಸಿಲಲ್ಲಿ ಸ್ವೆಟರ್ ಯಾಕೆ, ತೆಗಿ ಎಂದು ಮೈದಾನದ ಮಧ್ಯೆ ಗದರಿಸಿದರೆ ನೀವು ಕಾಪಾಡಿಕೊಂಡು ಬಂದದ್ದೆಲ್ಲ ಒಂದು ಗಳಿಗೆಯಲ್ಲಿ ಹೋಗುತ್ತದೆ. ಅವರಿಗೂ ಕಾರಣ ಬೇಡ, ‘ಅವಳಿಗೆ ತುಂಬು ತೋಳಿಗೆ ಅನುಮತಿ ಇದೆ’ ಎಂಬುದು ಸಾಕು.

ಗುಟ್ಟು ಸೋರುವುದು ಹೆಚ್ಚಾಗಿ ನಿಮ್ಮ ಬಾಯಿಂದ ಅಲ್ಲ. ಅಟೆಂಡರ್ ಕ್ಲಾಸಿನ ಬಾಗಿಲಲ್ಲಿ ನಿಂತು ‘ಕೌನ್ಸೆಲಿಂಗ್ ಮಿಸ್ ಕರೀತಾರೆ’ ಎಂದು ಹೆಸರು ಕೂಗಿದರೆ ಅಲ್ಲೇ ಅರ್ಧ ಸೋರಿತು. ‘ಆಫೀಸಿಗೆ ಬರಬೇಕಂತೆ’ ಎಂದು ಚೀಟಿ ಕಳಿಸಿ. ನಿಮ್ಮ ಕೋಣೆಯೊಳಗೆ ಯಾರಿದ್ದಾರೆ ಎಂದು ಕಾಣುವ ಹಾಗಿರಲಿ, ಮಾತು ಕೇಳುವ ಹಾಗಿರಬಾರದು. ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಗುವಿನ ಬಗ್ಗೆ ಒಂದಕ್ಷರವೂ ಬೇಡ. ಹಿರಿಯ ಸಮಾಲೋಚಕರ ಸಲಹೆ ಕೇಳುವಾಗ ಹೆಸರು ಬಿಟ್ಟರೆ ಸಾಲದು. ಚಿಕ್ಕ ಊರಿನಲ್ಲಿ ‘ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನವರ ಮಗಳು’ ಅಂದರೆ ಹೆಸರು ಹೇಳಿದ ಹಾಗೇ. ಜೀವಶಾಸ್ತ್ರದ ಪಾಠವೂ ನಿಮ್ಮದೇ ಅಂದಿರಿ. ಮಾರ್ಕ್ಸ್ ಹಾಕುವವರ ಮುಂದೆ ಮನಸ್ಸು ಬಿಚ್ಚುವುದು ಮಕ್ಕಳಿಗೆ ಕಷ್ಟ. ಒಂಬತ್ತನೇ ತರಗತಿಯ ಪೀರಿಯಡ್ಡನ್ನಾದರೂ ಬೇರೆಯವರಿಗೆ ಕೊಡಲು ಕೇಳಿ ನೋಡಿ. ಆಗದಿದ್ದರೆ ಕ್ಲಾಸಿನಲ್ಲಿ ಅವಳತ್ತ ವಿಶೇಷ ಗಮನ ಕೊಡದೆ ಎಲ್ಲರಂತೆಯೇ ನೋಡಿ.

ಟಿಪ್ಪಣಿ ಬರೆಯಲೇಬೇಕು, ಕಡಿಮೆ ಬರೆಯಿರಿ. ದಿನಾಂಕ, ಮಗು ಹೇಳಿದ್ದು ಮಗುವಿನ ಮಾತಿನಲ್ಲೇ, ನೀವು ಏನು ಮಾಡಿದಿರಿ, ಯಾರಿಗೆ ಯಾವಾಗ ತಿಳಿಸಿದಿರಿ. ‘ತಂದೆ ಕ್ರೂರಿ’ ಎಂಬಂಥ ನಿಮ್ಮ ತೀರ್ಪು ಬೇಡ. ವಕೀಲರಿಗೆ ಕಕ್ಷಿದಾರರ ಮಾತನ್ನು ಹೊರಗೆ ಹೇಳದಿರಲು ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. ಶಾಲಾ ಸಮಾಲೋಚಕರಿಗೆ ಅಂಥ ರಕ್ಷಣೆ ಇಲ್ಲ. ಕೋರ್ಟು ಕೇಳಿದರೆ ಆ ಪುಸ್ತಕ ಕೊಡಬೇಕಾಗುತ್ತದೆ. ಅದು ಬೀಗ ಹಾಕಿದ ಬೀರುವಿನಲ್ಲಿರಲಿ. ಶಾಲೆಯ ಸಾಮಾನ್ಯ ಫೈಲಿಗೆ, ಟಿಸಿ ಜೊತೆ ಬೇರೆ ಶಾಲೆಗೆ ಹೋಗುವ ಕಾಗದಗಳಿಗೆ ಸೇರಬಾರದು.

ಕೊನೆಗೆ ಡೈರಿ. ಅದು ಅವಳದ್ದು. ನಾಳೆ ಮಾತಾಡುವಾಗ ವಾಪಸ್ ಕೊಡಿ. ‘ಓದಲಿ’ ಎಂದೇ ಬಿಟ್ಟಿದ್ದಾಳಾ, ಮನೆಯಲ್ಲಿ ಸಿಕ್ಕಿಬೀಳುವ ಭಯಕ್ಕೆ ಇಟ್ಟಿದ್ದಾಳಾ ಎಂದು ಕೇಳಿ. ಓದಲು ಕೊಟ್ಟಿದ್ದರೆ ಯಾವ ಪುಟ ತೋರಿಸಬೇಕೆಂದಿದ್ದಾಳೆ ಎಂದು ಅವಳೇ ತೆರೆದು ತೋರಿಸಲಿ. ನಕಲು ತೆಗೆಯಬೇಡಿ, ಫೋನಿನಲ್ಲಿ ಫೋಟೊ ಬೇಡ. ಮನೆಯಲ್ಲಿ ಇಡಲು ಭಯ ಅಂದರೆ ಲಕೋಟೆಯಲ್ಲಿ ಹಾಕಿ ಅಂಟಿಸಿ, ಅವಳ ಸಹಿ ಹಾಕಿಸಿ ನಿಮ್ಮ ಬೀರುವಿನಲ್ಲಿ ಇಡಬಹುದು. ಅದರಲ್ಲಿ ಯಾರೋ ಮಾಡಿದ ದೌರ್ಜನ್ಯದ ಮಾತಿದ್ದರೆ ಮಾತ್ರ ಅದು ಸಾಕ್ಷ್ಯ ಆಗಬಹುದು. ಆಗ ಒಂದು ಹಾಳೆಯನ್ನೂ ಹರಿಯದೆ, ಏನನ್ನೂ ತಿದ್ದದೆ, ಹಾಗೇ ಪೊಲೀಸರ ಕೈಗೆ ಕೊಡಬೇಕು. ಹಾಗೆ ಕೊಡುತ್ತೀರಿ ಎಂಬುದನ್ನೂ ಅವಳಿಗೆ ಮೊದಲೇ ಹೇಳಿರಿ.